ಅವಸರ ಇದ್ದರೆ ಗ್ಯಾರೇಜಿಗೆ ಕೊಡು

ನೀನು ಕಳಿಸಿದ ವಿಡಿಯೊನ ಕಿವಿಗೆ ಇಟ್ಟುಕೊಂಡು ಕೇಳಿದೆ ಕಣೋ ಅಳಿಯ. ರಾತ್ರಿಯೆಲ್ಲ ನಿಂತು ತಣ್ಣಗಾಗಿದ್ದ ಇಂಜಿನ್ನು ಕೀ ತಿರುಗಿಸಿದ ಕೂಡಲೇ ಮುಂಭಾಗದಿಂದ ಕಟಕಟ ಅನ್ನುತ್ತೆ, ಎರಡು ಉಸಿರು ಬಿಡೋಷ್ಟರಲ್ಲಿ ಸುಮ್ಮನಾಗುತ್ತೆ. ಟ್ಯಾಪೆಟ್ ಸದ್ದು ಅಂತ ನಿನ್ನ ಸ್ನೇಹಿತ ಹೇಳಿದನಂತೆ. ಟ್ಯಾಪೆಟ್ ಸದ್ದು ಹೀಗೆ ಬಂದು ಹಾಗೆ ಹೋಗಲ್ಲ. ಇದು ಟೈಮಿಂಗ್ ಚೈನು. ಅದನ್ನ ಬಿಗಿಯಾಗಿ ಇಡೋ ಟೆನ್ಷನರ್ ಕೆಲಸ ಮಾಡೋದು ಆಯಿಲ್ ಒತ್ತಡದಿಂದ. ಸ್ಟಾರ್ಟ್ ಆದ ಮೊದಲ ಗಳಿಗೆಯಲ್ಲಿ ಒತ್ತಡ ಇರಲ್ಲ, ಸಡಿಲವಾದ ಚೈನು ಅತ್ತ ಇತ್ತ ಬಡಿಯುತ್ತೆ. ಒತ್ತಡ ಏರಿದ ಮೇಲೆ ಟೆನ್ಷನರ್ ಮುಂದೆ ಬಂದು ಅದನ್ನ ಅದುಮಿ ಹಿಡಿಯುತ್ತೆ. ಸದ್ದು ನಿಂತಿತು ಅಂತ ಕಾಯಿಲೆ ವಾಸಿಯಾಯಿತು ಅಂದುಕೋಬೇಡ. ಬಿಸಿ ಇಂಜಿನ್ನಲ್ಲೂ ಸದ್ದು ನಿಲ್ಲದೆ ಬರೋಕೆ ಶುರುವಾದ ದಿನ ಗಾಡಿ ಮನೆ ಬಾಗಿಲು ದಾಟೋದು ಬೇಡ.

ಮನೇಲೇ ಮಾಡ್ತೀನಿ ಮಾವ ಅಂದೆ. ನಿಮ್ಮಮ್ಮ ಆಗಲೇ ನನಗೆ ಫೋನ್ ಮಾಡಿ, 'ನೀನೇ ಅವನ ತಲೆ ಕೆಡಿಸಿದ್ದು' ಅಂತ ಬೈದಾಯಿತು. ನಾನಂತೂ ಬೇಡ ಅನ್ನಲ್ಲ. ನಿನಗೆ ಗ್ಯಾರೇಜು ಇದೆ, ಪಾನಾ ಹಿಡಿದು ಗೊತ್ತಿದೆ, ಮ್ಯಾನ್ಯುಯಲ್ ಓದೋ ವ್ಯವಧಾನವೂ ಇದೆ. ಒಂದೇ ಷರತ್ತು. ಸೋಮವಾರ ಕೆಲಸಕ್ಕೆ ಇದೇ ಗಾಡೀಲಿ ಹೋಗಬೇಕು ಅನ್ನೋ ಹಾಗಿದ್ದರೆ ಶನಿವಾರ ಒಂದು ಬೋಲ್ಟನ್ನೂ ಮುಟ್ಟಬೇಡ. ಗ್ಯಾರೇಜಿನವನ ಹತ್ತಿರ ಲಿಫ್ಟ್ ಇದೆ, ಗಾಳಿ ಪಾನಾ ಇದೆ, ಇದೇ ಕೆಲಸ ಹತ್ತಾರು ಸಲ ಮಾಡಿದ ಕೈ ಇದೆ. ನಿನ್ನ ಹತ್ತಿರ ಅದ್ಯಾವುದೂ ಇಲ್ಲ. ನಿನಗೆ ಇದ್ದು ಅವನಿಗೆ ಇಲ್ಲದ್ದು ಅಂದರೆ ಹೊತ್ತು. ಅವನಿಗೆ ಗಂಟೆ ಲೆಕ್ಕದ ಕೂಲಿ, ಮುಂದಿನ ಗಾಡಿ ಸಾಲಲ್ಲಿ ನಿಂತಿರುತ್ತೆ. ಆ ಹೊತ್ತನ್ನೂ ಅವಸರದಲ್ಲಿ ಹಾಳು ಮಾಡಿಕೊಂಡರೆ ಮನೇಲಿ ಮಾಡಿದ್ದಕ್ಕೆ ಅರ್ಥ ಇಲ್ಲ, ದುಡ್ಡು ಕೊಟ್ಟು ಅವನ ಹತ್ತಿರವೇ ಮಾಡಿಸು.

ಈ ಇಂಜಿನ್ನಿನ ಜಾತಕ ಸ್ವಲ್ಪ ಹೇಳ್ತೀನಿ, ಕೇಳಿಕೋ. ಬೆಂಗಳೂರಿನ ಜೆ.ಸಿ. ರಸ್ತೆಯ ಹಿಂದಿನ ಶೆಡ್ಡುಗಳಲ್ಲಿ ನಾವು ಅಂಬಾಸಡರ್ ಬಿಚ್ಚುತ್ತಿದ್ದಾಗ ಟೈಮಿಂಗ್ ಚೈನ್ ಅನ್ನೋದು ದೊಡ್ಡ ವಿಷಯವೇ ಆಗಿರಲಿಲ್ಲ. ಅದರಲ್ಲಿ ಕ್ಯಾಮ್ ಶಾಫ್ಟು ಕೆಳಗೆ ಬ್ಲಾಕಿನಲ್ಲೇ, ಕ್ರ್ಯಾಂಕಿನ ಪಕ್ಕದಲ್ಲೇ ಇರುತ್ತಿತ್ತು. ಚೈನು ಗಿಡ್ಡ, ಒದರಾಡೋಕೆ ಜಾಗವೇ ಇಲ್ಲ. ನಿನ್ನ ಟೊಯೊಟಾ ಪಿಕಪ್ಪಿನ 22-ಆರ್‌ಇ ಇಂಜಿನ್ನಲ್ಲಿ ಕ್ಯಾಮ್ ಇರೋದು ಮೇಲೆ, ಹೆಡ್ಡಿನಲ್ಲಿ. ಕ್ರ್ಯಾಂಕಿನಿಂದ ಅಲ್ಲೀವರೆಗೆ ಉದ್ದದ ಚೈನು ಹೋಗಬೇಕು. ಉದ್ದ ಆದಷ್ಟೂ ಒದರುತ್ತೆ, ಅದಕ್ಕೇ ಎರಡು ಕಡೆ ಗೈಡ್ ಪಟ್ಟಿ ಕೊಟ್ಟಿರೋದು. 1982ರವರೆಗೆ ಈ ವಂಶದ ಇಂಜಿನ್ನಿಗೆ ಜೋಡಿ ಸಾಲಿನ ಚೈನು ಇತ್ತು. 1983ರಿಂದ ಒಂಟಿ ಸಾಲಿನ ಚೈನು, ಪ್ಲಾಸ್ಟಿಕ್ ಗೈಡು. 2366 ಸಿಸಿಯ ಈ ಇಂಜಿನ್ನಿನಂಥ ಗಟ್ಟಿ ಪಿಂಡ ಹುಡುಕಿದರೂ ಸಿಗಲ್ಲ ಅಂತ ಅಮೆರಿಕದ ಪಿಕಪ್ ಹುಚ್ಚರು ಕೊಂಡಾಡ್ತಾರೆ, ಅದೂ ನಿಜವೇ. ಆದರೆ ಆ ಗಟ್ಟಿ ಪಿಂಡದೊಳಗೆ ಈ ಪ್ಲಾಸ್ಟಿಕ್ ಪಟ್ಟಿ ವರ್ಷಗಟ್ಟಲೆ ಬಿಸಿ ಆಯಿಲಿನಲ್ಲಿ ಬೆಂದು ಗರಿಗರಿಯಾಗಿ ಮುರಿಯುತ್ತೆ. ಮೊದಲು ಹೋಗೋದು ಡ್ರೈವರ್ ಕಡೆಯ ಗೈಡು. ಚೈನು ಬಿಗಿಯಾಗಿ ಎಳೆದುಕೊಂಡು ಇಳಿಯೋ ಬದಿ ಅದು.

ಗೈಡ್ ಹೋದ ಮೇಲಿನ ಕತೆಯೇ ನಿಜವಾದ ಅಪಾಯ. ಚೈನು ಮುಂದಿನ ಟೈಮಿಂಗ್ ಕವರಿನ ಒಳಗೋಡೆಗೆ ತಾಗೋಕೆ ಶುರುವಾಗುತ್ತೆ. ಕವರು ಅಲ್ಯೂಮಿನಿಯಂದು, ಚೈನು ಉಕ್ಕಿನದು. ದಿನಾ ಅರ ಹಾಕಿ ಉಜ್ಜಿದ ಹಾಗೆ ಗೋಡೆ ತೆಳ್ಳಗಾಗ್ತಾ ಹೋಗುತ್ತೆ. ಆ ಗೋಡೆಯ ಆಚೆ ಇರೋದು ಕೂಲೆಂಟ್ ಹರಿಯೋ ದಾರಿ. ತೂತು ಬಿದ್ದ ದಿನ ಕೂಲೆಂಟು ಸೀದಾ ಆಯಿಲಿಗೆ ಇಳಿಯುತ್ತೆ, ಬೇರಿಂಗು ತಿಂದು ಹಾಕುತ್ತೆ. ಸೋರಿದ ಗುರುತು ನೆಲದ ಮೇಲೆ ಒಂದು ಹನಿಯೂ ಕಾಣಲ್ಲ. ರೇಡಿಯೇಟರಿನಲ್ಲಿ ನೀರು ಕಮ್ಮಿ ಆಗ್ತಿದೆ, ಎಲ್ಲೂ ಸೋರ್ತಿಲ್ಲ ಅಂದರೆ ಅವತ್ತೇ ಡಿಪ್‌ಸ್ಟಿಕ್ ಎಳೆದು ನೋಡು. ಆಯಿಲು ಬಿಳಿಚಿಕೊಂಡು ನೊರೆ ಕಟ್ಟಿದ್ದರೆ ಚೈನ್ ಬದಲಿಸೋ ಮಾತು ಆಮೇಲೆ, ಮೊದಲು ಬೇರಿಂಗು ಉಳಿದಿದೆಯಾ ನೋಡಬೇಕಾಗುತ್ತೆ.

ಅಂದ ಹಾಗೆ, ನಿನ್ನ ಗಾಡಿಯ ವಿಐಎನ್ ನಂಬರು 4ಟಿ ಅಂತ ಶುರುವಾಗುತ್ತಾ, ಜೆಟಿ ಅಂತ ಶುರುವಾಗುತ್ತಾ ನೋಡು. ಜೆ ಇದ್ದರೆ ಜಪಾನಿನಲ್ಲಿ ಹುಟ್ಟಿದ್ದು. 4ಟಿ ಇದ್ದರೆ ಇಲ್ಲೇ, ನಮ್ಮ ಫ್ರೀಮಾಂಟಿನಲ್ಲಿ. ಜನರಲ್ ಮೋಟರ್ಸ್ ಜತೆ ಸೇರಿ ಟೊಯೊಟಾ ನಡೆಸ್ತಿದ್ದ ನಮ್ಮಿ ಕಾರ್ಖಾನೆಯಲ್ಲಿ 1991ರಿಂದ ಈ ಪಿಕಪ್ ತಯಾರಾಗ್ತಿತ್ತು. 2010ರಲ್ಲಿ ಅದು ಮುಚ್ಚಿತು. ಈಗ ನೀವೆಲ್ಲ ಟೆಸ್ಲಾ ಅಂತ ಬೆರಳು ತೋರಿಸ್ತೀರಲ್ಲ, ಅದೇ ಕಟ್ಟಡ. ಚೈನಿಗೂ ಇದಕ್ಕೂ ಸಂಬಂಧ ಇಲ್ಲ, ಸುಮ್ಮನೆ ಹೇಳಿದೆ.

ಸಾಮಾನು ತರಿಸೋ ಮುಂಚೆ ಒಂದು ಕೆಲಸ ಮಾಡು. ಟ್ಯಾಪೆಟ್ ಕವರ್ ಬಿಚ್ಚು. ನಾಲ್ಕು ನಟ್ಟು, ಒಂದಷ್ಟು ಪೈಪು, ಅಷ್ಟೇ. ಕ್ಯಾಮ್ ಚಕ್ರದ ಪಕ್ಕದಿಂದ ಟಾರ್ಚ್ ಬಿಟ್ಟು ಚೈನು ಇಳಿಯೋ ಗುಂಡಿಯೊಳಗೆ ಬಗ್ಗಿ ನೋಡು. ಡ್ರೈವರ್ ಕಡೆ ಚೈನಿನ ಬೆನ್ನಿಗೆ ಒಂದು ಪಟ್ಟಿ ನಿಂತಿರೋದು ಕಾಣಬೇಕು. ಕಂಡರೆ ಬೆರಳಲ್ಲಿ ಮೆಲ್ಲಗೆ ಅಲುಗಾಡಿಸು, ಅಲ್ಲಾಡಬಾರದು. ಪಟ್ಟಿ ಇರಬೇಕಾದ ಕಡೆ ಬರೀ ಕತ್ತಲು ಕಂಡರೆ ಅದು ಮುರಿದು ಕೆಳಗೆ ಆಯಿಲ್ ಚೇಂಬರಿಗೆ ಬಿದ್ದಿದೆ ಅಂತ ಲೆಕ್ಕ. ಈ ಬಗ್ಗಿ ನೋಡೋದರ ಮೇಲೆ ಮುಂದಿನ ಎಲ್ಲಾ ತೀರ್ಮಾನ ನಿಂತಿದೆ. ಗೈಡ್ ಮುರಿದಿದ್ದರೆ ಚೈನ್ ಕಿಟ್ಟಿನ ಜತೆ ಹೊಸ ಕವರೂ ತರಿಸಬೇಕು, ಚೇಂಬರೂ ಇಳಿಸಬೇಕು. ಅರ್ಧ ಬಿಚ್ಚಿದ ಮೇಲೆ ಇದು ಗೊತ್ತಾದರೆ ಗಾಡಿ ವಾರಗಟ್ಟಲೆ ಸ್ಟ್ಯಾಂಡಿನ ಮೇಲೇ.

ಕಿಟ್ ತಗೊಳ್ಳುವಾಗ ಚೈನ್ ಒಂದನ್ನೇ ತರಬೇಡ. ಹಳೇ ಚಕ್ರದ ಹಲ್ಲು ಹಳೇ ಚೈನಿಗೆ ತಕ್ಕ ಹಾಗೆ ಸವೆದಿರುತ್ತೆ, ಅದರ ಮೇಲೆ ಹೊಸ ಚೈನ್ ಹಾಕಿದರೆ ಅದನ್ನೂ ಬೇಗ ಸವೆಸುತ್ತೆ. ಚೈನು, ಮೇಲಿನ ಚಕ್ರ, ಕೆಳಗಿನ ಚಕ್ರ, ಟೆನ್ಷನರ್, ಗೈಡು, ಕ್ರ್ಯಾಂಕಿನ ಮುಂದಿನ ಆಯಿಲ್ ಸೀಲು, ಪ್ಯಾಕಿಂಗ್ ಸೆಟ್ಟು, ಎಲ್ಲ ಒಟ್ಟಿಗೆ ತಾ. ಗೈಡು ಉಕ್ಕಿನ ಬೆನ್ನು ಇರೋದನ್ನೇ ಕೇಳು, ಅಂಥದ್ದು ಬೇರೆ ಕಂಪನಿಯವರು ಮಾಡ್ತಾರೆ, ಸಲೀಸಾಗಿ ಸಿಗುತ್ತೆ. ಪ್ಲಾಸ್ಟಿಕ್ಕನ್ನೇ ಇನ್ನೊಂದು ಸಲ ಹಾಕೋದಾದರೆ ಇಷ್ಟೆಲ್ಲ ಬಿಚ್ಚೋ ಶ್ರಮ ಯಾಕೆ? ವಾಟರ್ ಪಂಪು ಕವರಿನ ಮೇಲೇ ಕೂತಿರುತ್ತೆ, ಹೇಗೂ ಬಿಚ್ಚಿಯೇ ಬಿಚ್ತೀಯ, ಹಳೇದಾಗಿದ್ದರೆ ಅದನ್ನೂ ಬದಲಿಸಿಬಿಡು. ಇಂಟರ್ನೆಟ್ಟಿನಲ್ಲಿ ತೀರಾ ಅಗ್ಗಕ್ಕೆ ಕವರು ಸಮೇತ ಇಡೀ ಪೆಟ್ಟಿಗೆ ಸಿಗುತ್ತಲ್ಲ, ಅದನ್ನ ಕಂಡರೆ ನನಗೆ ಆಗಲ್ಲ. ತಂದರೂ ಕವರಿನ ಮುಖಕ್ಕೆ ಸ್ಕೇಲ್ ಇಟ್ಟು ಮಟ್ಟ ನೋಡು, ಪ್ರತಿ ತೂತಿಗೂ ಹಳೇ ಬೋಲ್ಟನ್ನ ಕೈಯಲ್ಲೇ ತಿರುಗಿಸಿ ನೋಡು, ಹಳೇ ಕವರಿನ ಪಕ್ಕ ಇಟ್ಟು ತೂತಿಗೆ ತೂತು ಹೋಲಿಸು. ಎಲ್ಲ ಸರಿ ಇದ್ದರೆ ಹಾಕು.

ಬಿಚ್ಚೋ ಕ್ರಮ ಮ್ಯಾನ್ಯುಯಲ್ಲಿನಲ್ಲಿ ಇದೆ, ಅದನ್ನ ನಾನು ಪಾಠ ಒಪ್ಪಿಸಲ್ಲ. ಬ್ಯಾಟರಿ ವೈರು ಕಳಚು, ಮುಂಭಾಗ ಎತ್ತಿ ಸ್ಟ್ಯಾಂಡ್ ಕೊಡು. ಬರೀ ಜಾಕಿನ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕಿದೆ ಅಂತ ಗೊತ್ತಾದರೆ ನಾನೇ ನಿಮ್ಮಮ್ಮನಿಗೆ ಹೇಳ್ತೀನಿ. ರೇಡಿಯೇಟರು, ಫ್ಯಾನು, ಬೆಲ್ಟು ಎಲ್ಲ ಹೊರಗೆ ಬರಲಿ. ಬೋಲ್ಟುಗಳದ್ದೇ ಒಂದು ವಿಷಯ. ಟೈಮಿಂಗ್ ಕವರಿನ ಬೋಲ್ಟು ಒಂದೊಂದು ಒಂದೊಂದು ಉದ್ದ. ಒಂದು ರಟ್ಟಿನ ಮೇಲೆ ಕವರಿನ ಆಕಾರ ಬರೆದು, ಯಾವ ಬೋಲ್ಟು ಎಲ್ಲಿಂದ ಬಂತೋ ಅಲ್ಲೇ ಚುಚ್ಚಿ ನಿಲ್ಲಿಸು. ಗಿಡ್ಡ ಬೋಲ್ಟಿನ ಜಾಗಕ್ಕೆ ಉದ್ದದ್ದು ಹೋದರೆ ತಳ ಮುಟ್ಟಿ ನಿಂತುಬಿಡುತ್ತೆ. ನಿನಗೆ ಬಿಗಿ ಆಯಿತು ಅನ್ನಿಸುತ್ತೆ, ಕವರು ಮಾತ್ರ ಸಡಿಲವಾಗೇ ಇರುತ್ತೆ. ಇನ್ನೂ ತಿರುಗಿಸಿದೆಯೋ, ಥ್ರೆಡ್ಡು ಕಿತ್ತುಬಂತು.

ಕ್ರ್ಯಾಂಕ್ ಪುಲ್ಲಿಯ ನಡುವಿನ ದೊಡ್ಡ ಬೋಲ್ಟು ಸುಲಭಕ್ಕೆ ಬರಲ್ಲ. ಉದ್ದನೆ ಪಾನಾನ ಚಾಸಿಗೆ ಒರಗಿಸಿ ಸೆಲ್ಫ್ ಹೊಡೆದರೆ ಬಿಚ್ಚಿಕೊಳ್ಳುತ್ತೆ ಅಂತ ಯಾರಾದರೂ ಹೇಳ್ತಾರೆ. ಬಿಚ್ಚಿಕೊಳ್ಳುತ್ತೆ, ಸುಳ್ಳಲ್ಲ. ಪಾನಾ ಜಾರಿದರೆ ಎಲ್ಲಿಗೆ ಹಾರುತ್ತೆ ಅಂತ ಮಾತ್ರ ಅವರು ಹೇಳಲ್ಲ. ನಿನ್ನದು ಕೈ ಗೇರಿನ ಗಾಡಿ. ಹಿಂದಿನ ಚಕ್ರ ನೆಲದ ಮೇಲೆ ಇರಲಿ, ನಾಲ್ಕನೇ ಗೇರಿಗೆ ಹಾಕು, ಹೆಂಡತಿಗೆ ಬ್ರೇಕ್ ಗಟ್ಟಿಯಾಗಿ ಒತ್ತಿ ಹಿಡಿಯೋಕೆ ಹೇಳು, ಪಾನಾಗೆ ಉದ್ದದ ಪೈಪ್ ತೊಡಿಸಿ ಎಳಿ. ಪುಲ್ಲಿಯನ್ನ ರಾಡಿನಿಂದ ಮೀಟಬೇಡ, ಪುಲ್ಲರ್ ಹಾಕು. ಪುಲ್ಲರ್ ಕೊಳ್ಳೋದೂ ಬೇಡ, ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ಠೇವಣಿ ಇಟ್ಟುಕೊಂಡು ಕೊಡ್ತಾರೆ, ವಾಪಸ್ ಕೊಟ್ಟಾಗ ದುಡ್ಡು ಹಿಂತಿರುಗಿಸ್ತಾರೆ. ಬಿಚ್ಚೋ ಮುಂಚೆಯೇ ಒಂದನೇ ಸಿಲಿಂಡರನ್ನ ಟಿಡಿಸಿಗೆ, ಅಂದರೆ ಪಿಸ್ಟನ್ ತುತ್ತತುದಿಗೆ ಬರೋ ಜಾಗಕ್ಕೆ, ತಂದು ನಿಲ್ಲಿಸಿರಬೇಕು, ಡಿಸ್ಟ್ರಿಬ್ಯೂಟರನ್ನ ತೆಗೆಯೋ ಮೊದಲು ಅದರ ರೋಟರ್ ಯಾವ ಕಡೆ ಮುಖ ಮಾಡಿದೆ ಅಂತ ಫೋಟೊ ತೆಗೆದಿರಬೇಕು.

ಈಗ ಈ ಇಂಜಿನ್ನಿನ ಅಡಗಿದ ಬೋಲ್ಟಿನ ಸಮಾಚಾರ. ನಾನು ಇಷ್ಟು ಬರೀತಿರೋದೇ ಇದಕ್ಕೋಸ್ಕರ ಅಂದರೂ ತಪ್ಪಿಲ್ಲ. ಮುಂದಿನ ಬೋಲ್ಟುಗಳೆಲ್ಲ ಬಿಚ್ಚಿ ಆಗಿರುತ್ತೆ, ಕವರು ಅಲುಗಾಡೋ ಹಾಗೆ ಕಾಣುತ್ತೆ, ಕೆಳಭಾಗ ಬಿಟ್ಟುಕೊಂಡಿರುತ್ತೆ, ಮೇಲ್ಭಾಗ ಮಾತ್ರ ಜಪ್ಪಯ್ಯ ಅನ್ನಲ್ಲ. ಆಗ ಎಲ್ಲರ ಕೈಯೂ ಹೋಗೋದು ಸುತ್ತಿಗೆಗೆ, ಸ್ಕ್ರೂಡ್ರೈವರಿಗೆ. ಅಲ್ಲೇ ಕವರಿನ ಕಿವಿ ಮುರಿಯೋದು. ಹೆಡ್ಡಿನ ಮೂತಿಯಲ್ಲಿ, ಕ್ಯಾಮ್ ಚಕ್ರದ ಮುಂದೆ, ಸಣ್ಣ ಗುಂಡಿ ಒಂದಿದೆ. ಅದರ ತುಂಬ ಆಯಿಲ್ ನಿಂತಿರುತ್ತೆ. ಆಯಿಲು ಕಪ್ಪಗಿದ್ದರೆ ಒಳಗೆ ಏನಿದೆ ಅಂತ ಕಾಣೋದೇ ಇಲ್ಲ. ಬಟ್ಟೆ ಅದ್ದಿ ಅದ್ದಿ ಹೀರಿಸು, ಇಲ್ಲ ಔಷಧಿ ಅಂಗಡಿಯ ದಪ್ಪ ಸಿರಿಂಜಿನಿಂದ ಎಳೆದು ತೆಗಿ. ತಳದಲ್ಲಿ ಬೋಲ್ಟಿನ ತಲೆ ಹೊಳೆಯುತ್ತೆ. ಅದು ಹೆಡ್ಡಿನಿಂದ ಕೆಳಮುಖವಾಗಿ ಕವರಿಗೆ ಇಳಿದಿರೋ ಬೋಲ್ಟು. ಅದನ್ನ ತೆಗೆದರೆ ಕವರು ತಾನಾಗೇ ಸಡಿಲ ಬಿಡುತ್ತೆ. ಯಾವುದಾದರೂ ಭಾಗ ಬರ್ತಿಲ್ಲ ಅಂದರೆ ಇನ್ನೂ ಒಂದು ಬೋಲ್ಟು ಉಳಿದಿದೆ ಅಂತ ತಿಳಿದುಕೊಂಡು ಹುಡುಕು. ಬೇಕಾದರೆ ಕೈ ತೊಳೆದು ಬಂದು, ಕಾಫಿ ಕುಡಿದು, ಆಮೇಲೆ ಹುಡುಕು. ಕವರಿನ ಹಿಂಬದಿಗೆ ಬರೋ ನೀರಿನ ಪೈಪಿನ ಬೋಲ್ಟುಗಳೂ ಹೀಗೇ ಕಣ್ಣಿಗೆ ಬೀಳಲ್ಲ.

ಕವರ್ ಈಚೆ ಬಂದ ಮೇಲೆ ಹೊಸ ಚೈನ್ ಪೊಟ್ಟಣ ಒಡೀಬೇಡ. ಹಳೇ ಕವರಿನ ಒಳಗೋಡೆಯ ಮೇಲೆ ಎರಡೂ ಬದಿ ಉಗುರು ಎಳೆದು ನೋಡು. ನಯವಾಗಿದ್ದರೆ ಆಯಿತು. ಉಗುರು ಸಿಕ್ಕಿಕೊಳ್ಳೋ ಹಾಗೆ ಗೀರು ಇದ್ದರೆ ಆ ಕವರು ಗುಜರಿಗೆ. ವೆಲ್ಡ್ ಮಾಡಿಸ್ತೀನಿ, ಎಪಾಕ್ಸಿ ತುಂಬಿಸ್ತೀನಿ ಅನ್ನೋ ನಮ್ಮೂರಿನ ಬುದ್ಧಿ ಇಲ್ಲಿ ಬೇಡ, ಆಚೆ ಇರೋದು ನೀರು.

ಆಮೇಲೆ ಚೇಂಬರು. ಅದನ್ನ ಇಳಿಸದೆಯೇ, ಮುಂದಿನ ಬೋಲ್ಟಷ್ಟೇ ಬಿಚ್ಚಿ ಕವರನ್ನ ನುಗ್ಗಿಸಿ ಕೂರಿಸೋರು ಇದ್ದಾರೆ. ಗೈಡ್ ಇಡಿಯಾಗಿ ಸಿಕ್ಕಿದ್ದರೆ ನಾನೂ ಒಪ್ಪುತ್ತಿದ್ದೆನೇನೋ. ಮುರಿದಿದ್ದರೆ ಒಪ್ಪಲ್ಲ. ಅಷ್ಟೂ ಚೂರು ಕೆಳಗೆ ಆಯಿಲಿನಲ್ಲಿ ಇದೆ, ಆಯಿಲ್ ಪಂಪಿನ ಜಾಲರಿಗೆ ಒಂದೊಂದಾಗಿ ಅಂಟಿಕೊಳ್ಳುತ್ತೆ. ಹೊಸ ಚೈನು ಹಾಕಿದ ಖುಷಿಯಲ್ಲಿ ಓಡಾಡ್ತಾ ಇರ್ತೀಯ, ಮೇಲೆ ಆಯಿಲು ಹೋಗ್ತಾ ಇರಲ್ಲ. ನಾಲ್ಕೂ ಚಕ್ರ ಎಳೆಯೋ ಗಾಡಿಯಲ್ಲಿ ಮುಂದಿನ ಡಿಫರೆನ್ಷಿಯಲ್ ಅಡ್ಡ ಬಂದು ಜೀವ ತಿನ್ನುತ್ತೆ. ನಿನ್ನದರಲ್ಲಿ ಆ ಗೋಳು ಇಲ್ಲ. ಇಳಿಸು, ತೊಳಿ, ಸಿಕ್ಕಿದ ಪ್ಲಾಸ್ಟಿಕ್ ಚೂರನ್ನೆಲ್ಲ ಪೇಪರಿನ ಮೇಲೆ ಜೋಡಿಸಿ ಗೈಡಿನ ಆಕಾರ ಪೂರ್ತಿ ಆಗುತ್ತಾ ನೋಡು. ಆಗದಿದ್ದರೆ ಉಳಿದ ಚೂರು ಇನ್ನೂ ಒಳಗೇ ಎಲ್ಲೋ ಇದೆ.

ಹೆಡ್ಡು ಬಿಚ್ಚಬೇಕಾಗಿಲ್ಲ. ಆದರೆ ಕವರಿನ ತಲೆಯ ಮೇಲೆ ಹೆಡ್ ಗ್ಯಾಸ್ಕೆಟ್ಟಿನ ಮುಂಭಾಗ ಚಾಚಿಕೊಂಡಿರುತ್ತೆ. ಹಳೇ ಗ್ಯಾಸ್ಕೆಟ್ಟು ಕವರಿಗೆ ಅಂಟಿ ಹರಿದು ಬರದ ಹಾಗೆ ತೆಳ್ಳನೆ ಬ್ಲೇಡು ಆಡಿಸಿ ಮೊದಲೇ ಬಿಡಿಸಿಕೋ. ಹೊಸ ಕವರು ಅದರಡಿಗೆ ನುಸುಳಿ ಕೂರಬೇಕು. ಹೆಡ್ಡು, ಬ್ಲಾಕು, ಕವರು ಮೂರೂ ಸೇರೋ ಮೂಲೆಗೆ ಸಿಲಿಕೋನ್ ಹಚ್ಚು, ನಮ್ಮ ಕಡೆ ಮೆಕ್ಯಾನಿಕ್ಕುಗಳು ಯಾವ ಕಂಪನಿಯದಾದರೂ ಅನಾಬಾಂಡ್ ಅಂತಲೇ ಕರೀತಾರಲ್ಲ, ಅದು. ಕಾಳಿನಷ್ಟು ಸಾಕು. ಜಾಸ್ತಿ ಹಚ್ಚಿದರೆ ಒಳಗೆ ಉಕ್ಕಿದ್ದು ಒಣಗಿ ಉದುರಿ, ಈಗ ತಾನೇ ತೊಳೆದ ಅದೇ ಜಾಲರಿಗೆ ಹೋಗಿ ಕೂರುತ್ತೆ.

ಗುರುತು ಕೂಡಿಸೋವಾಗ ಫೋನು ಬೇರೆ ಕೋಣೇಲಿ ಇಡು. ಕ್ರ್ಯಾಂಕಿನ ಕೀ ನೆಟ್ಟಗೆ ಮೇಲಕ್ಕೆ, ಕ್ಯಾಮಿನ ಮುಂದಿನ ಪಿನ್ನೂ ನೆಟ್ಟಗೆ ಮೇಲಕ್ಕೆ. ಹೊಸ ಚೈನಿನಲ್ಲಿ ಬೇರೆ ಬಣ್ಣದ ಹೊಳೆಯೋ ಕೊಂಡಿಗಳು ಇರ್ತವೆ. ಕೆಳಗಿನ ಚಕ್ರದ ಗುರುತಿಗೆ ಒಂದು, ಮೇಲಿನ ಚಕ್ರದ ಗುರುತಿಗೆ ಒಂದು ಸರಿಯಾಗಿ ಕೂರಬೇಕು. ಡ್ರೈವರ್ ಕಡೆ ಚೈನು ಸೆಟೆದು ನಿಂತಿರಲಿ, ಇರೋ ಸಡಿಲವೆಲ್ಲ ಟೆನ್ಷನರ್ ಕಡೆಗೇ ಇರಲಿ. ಅದು ತಿರುವು ಮುರುವಾದರೆ ಕೂರಿಸುವಾಗ ಸರಿಯಾಗಿ ಕಂಡದ್ದು ಇಂಜಿನ್ ತಿರುಗಿದ ಕೂಡಲೇ ಒಂದು ಹಲ್ಲು ಜರುಗಿರುತ್ತೆ. ಆಮೇಲೆ ಕ್ರ್ಯಾಂಕಿಗೆ ಪಾನಾ ಹಾಕಿ ಕೈಯಲ್ಲೇ, ಇಂಜಿನ್ ತಿರುಗೋ ದಿಕ್ಕಿಗೇ, ಎರಡು ಪೂರ್ತಿ ಸುತ್ತು ತಿರುಗಿಸು. ಎಲ್ಲಾದರೂ ಟಕ್ ಅಂತ ತಡೆದರೆ ಅಲ್ಲೇ ನಿಲ್ಲಿಸು, ವಾಲ್ವು ಪಿಸ್ಟನ್ನಿಗೆ ತಾಗ್ತಾ ಇರಬಹುದು. ಬಲ ಹಾಕಿದರೆ ವಾಲ್ವು ಬಾಗುತ್ತೆ.

ಎರಡು ಸುತ್ತು ತಿರುಗಿಸಿ ನೋಡಿದರೆ ಹೊಳೆಯೋ ಕೊಂಡಿ ಗುರುತಿನ ಹತ್ತಿರವೇ ಇರಲ್ಲ. ಆಗ ಎದೆ ಧಸಕ್ ಅನ್ನುತ್ತೆ. ಏನೂ ಆಗಿಲ್ಲ. ಚೈನಿನಲ್ಲಿ ಕೊಂಡಿಗಳ ಲೆಕ್ಕ ಬೇರೆ, ಚಕ್ರದಲ್ಲಿ ಹಲ್ಲಿನ ಲೆಕ್ಕ ಬೇರೆ. ಎರಡೂ ಮತ್ತೆ ಕೂಡಿ ಬರೋಕೆ ಬಹಳ ಸುತ್ತು ಬೇಕು. ಕ್ರ್ಯಾಂಕಿನ ಕೀ ಮೇಲಿದ್ದಾಗ ಕ್ಯಾಮ್ ಪಿನ್ನೂ ಮೇಲಿದೆಯಾ ಅಷ್ಟು ನೋಡು. ಇದ್ದರೆ ಸರಿ ಇದೆ. ಇದು ಗೊತ್ತಿಲ್ಲದೆ ಸರಿಯಾಗಿ ಕೂರಿಸಿದ ಚೈನನ್ನ ಮತ್ತೆ ಬಿಚ್ಚೋರು ಇದ್ದಾರೆ.

ಬಿಗಿ ಮಾಡೋಕೆ ಟಾರ್ಕ್ ರೆಂಚೇ ಬೇಕು. ಕ್ಯಾಮ್ ಬೋಲ್ಟಿಗೆ 58 ಅಡಿ-ಪೌಂಡು, ಕ್ರ್ಯಾಂಕ್ ಬೋಲ್ಟಿಗೆ 116. ಕವರಿನ ಬೋಲ್ಟುಗಳು ಅಲ್ಯೂಮಿನಿಯಂ ಹಿಡಿದಿರೋವು, ಅವಕ್ಕೆ ಮ್ಯಾನ್ಯುಯಲ್ಲಿನ ಅಳತೆ ದಾಟಬೇಡ. ಆಯಿಲ್ ಪಂಪು ಕವರಿನ ಮುಂದೆಯೇ ಕೂರುತ್ತೆ. ಅದರ ರಬ್ಬರ್ ರಿಂಗು ಹೊಸದು ಹಾಕು, ಗೇರುಗಳ ಸಂದಿಗೆ ವ್ಯಾಸಲೀನ್ ತುಂಬು. ಒಣಗಿದ ಪಂಪು ಗಾಳಿ ಎಳೀತಾ ಕೂರುತ್ತೆ, ವ್ಯಾಸಲೀನ್ ಇದ್ದರೆ ಆಯಿಲನ್ನ ಬೇಗ ಹಿಡಿಯುತ್ತೆ. ಟ್ಯಾಪೆಟ್ ಕವರ್ ಮುಚ್ಚೋ ಮುಂಚೆ ಚೈನಿನ ಮೇಲೆ, ಕ್ಯಾಮಿನ ಮೇಲೆ ಧಾರಾಳವಾಗಿ ಆಯಿಲ್ ಸುರಿ. ಮೊದಲ ಸಲ ಇಗ್ನಿಷನ್ ಕಾಯಿಲಿನ ವೈರು ಕಳಚಿಟ್ಟು ಬರೀ ಸೆಲ್ಫ್ ತಿರುಗಿಸು, ಒಂದೇ ಸಮ ಬೇಡ, ಬಿಟ್ಟು ಬಿಟ್ಟು. ಆಯಿಲ್ ಒತ್ತಡ ತೋರಿಸಿದ ಮೇಲೆ ವೈರ್ ಹಾಕಿ ಸ್ಟಾರ್ಟ್ ಮಾಡು. ಹೊಸ ಟೆನ್ಷನರಿಗೆ ಆಯಿಲ್ ತುಂಬೋವರೆಗೆ ಒಂದು ಕ್ಷಣ ಕಟಕಟ ಅಂದರೆ ಗಾಬರಿ ಬೇಡ.

ಇಂಜಿನ್ ಬಿಸಿಯಾದ ಮೇಲೆ ಟ್ಯಾಪೆಟ್ ಅಳತೆ ನೋಡು: ಇನ್‌ಟೇಕ್ 0.20 ಮಿಲಿಮೀಟರ್, ಎಕ್ಸಾಸ್ಟ್ 0.30. ಬಿಸಿ ಇದ್ದಾಗಲೇ ನೋಡಬೇಕು. ಡಿಸ್ಟ್ರಿಬ್ಯೂಟರ್ ತೆಗೆದು ಮತ್ತೆ ಹಾಕಿರೋದರಿಂದ ಇಗ್ನಿಷನ್ ಟೈಮಿಂಗೂ ಹೊಸದಾಗಿ ಇಡಬೇಕು. ಬಾನೆಟ್ ಒಳಗಿನ ಚೆಕ್ ಕನೆಕ್ಟರಿನ ಎರಡು ಪಿನ್ನು ವೈರಿನಿಂದ ಕೂಡಿಸಿ, ಟೈಮಿಂಗ್ ಲೈಟ್ ಹಿಡಿದು, ಟಿಡಿಸಿಗಿಂತ 5 ಡಿಗ್ರಿ ಮುಂಚೆಗೆ ಕೂರಿಸು. ವೈರ್ ಕೂಡಿಸದೆ ನೋಡಿದರೆ ಕಂಪ್ಯೂಟರು ತನಗೆ ಬೇಕಾದ ಹಾಗೆ ತಿರುಗಿಸಿಕೊಂಡಿರುತ್ತೆ, ನಿನ್ನ ಅಳತೆ ಸುಳ್ಳಾಗುತ್ತೆ. ಕ್ಯಾಲಿಫೋರ್ನಿಯಾದ ಸ್ಮಾಗ್ ಪರೀಕ್ಷೆಯಲ್ಲಿ ನಿನ್ನದರ ಕಾಲದ ಗಾಡಿಗಳ ಟೈಮಿಂಗನ್ನೂ ನೋಡ್ತಾರೆ, ಅದನ್ನೂ ನೆನಪಿಟ್ಟುಕೋ.

ಇಳಿಸಿದ ಕೂಲೆಂಟನ್ನ ಒಂದು ನಿಮಿಷವೂ ತೆರೆದ ಬೋಗುಣಿಯಲ್ಲಿ ಬಿಡಬೇಡ. ಅದು ಸಿಹಿ ಇರುತ್ತೆ, ನಾಯಿ ನೆಕ್ಕಿದರೆ ಕಿಡ್ನಿ ಹೋಗಿ ಸಾಯುತ್ತೆ. ನಿಮ್ಮ ಮನೇಲಿ ಆ ಕಪ್ಪು ನಾಯಿಮರಿ ಕಂಡದ್ದಕ್ಕೆಲ್ಲ ಬಾಯಿ ಹಾಕುತ್ತೆ ಅಂತ ನೀನೇ ಹೇಳಿದ್ದೆ. ಇಳಿಯೋವಾಗಲೇ ಮುಚ್ಚಳದ ಡಬ್ಬಿಗೆ ತುಂಬು. ಹಳೇ ಆಯಿಲನ್ನ ಸ್ಪೇರ್ ಪಾರ್ಟ್ಸ್ ಅಂಗಡಿಯವರೇ ತಗೊಳ್ತಾರೆ, ಆದರೆ ಕೂಲೆಂಟ್ ಬೆರೆತ ಆಯಿಲನ್ನ ತಗೊಳ್ಳಲ್ಲ, ಎರಡನ್ನೂ ಬೇರೆ ಬೇರೆ ಇಡು. ಹೊಸ ಆಯಿಲನ್ನೂ ಬಹಳ ದಿನ ಓಡಿಸಬೇಡ, ಕೆಲವು ನೂರು ಮೈಲಿ ಆದ ಕೂಡಲೇ ಫಿಲ್ಟರ್ ಸಮೇತ ಬದಲಿಸು. ತೊಳೆದರೂ ಉಳಿದ ಧೂಳು, ಚೂರು ಅದರಲ್ಲೇ ಬರುತ್ತೆ.

ಟೈಮಿಂಗ್ ಲೈಟು, ಟಾರ್ಕ್ ರೆಂಚು ಎರಡೂ ನನ್ನ ಹತ್ತಿರ ಇದೆ. ಈ ಭಾನುವಾರ ಬಂದು ತಗೊಂಡು ಹೋಗು. ಟ್ಯಾಪೆಟ್ ಕವರ್ ಬಿಚ್ಚಿ ಒಳಗೆ ಏನು ಕಾಣ್ತು ಅಂತ ಮೊದಲು ಫೋಟೊ ಕಳಿಸು, ಸಾಮಾನಿನ ಪಟ್ಟಿ ಆಮೇಲೆ ಕೂತು ಬರೆಯೋಣ.